ಸಿಲಿಂಡರಿನಲ್ಲಿರುವುದು ಬರೀ ಆಮ್ಲಜನಕವೇ?

ಪ್ರಶ್ನೆ: ಮಗಳು ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಸ್ಕೂಬಾ ಡೈವಿಂಗ್ ಮಾಡುತ್ತಾಳಂತೆ. ನೀರಿನಡಿ ಆಮ್ಲಜನಕವೇ ವಿಷವಾಗಿ ಫಿಟ್ಸ್ ಬರುತ್ತದೆ ಎಂದು ಯಾರೋ ಹೆದರಿಸಿದ್ದಾರೆ. ಪ್ರಾಣವಾಯು ವಿಷವಾಗುವುದು ಹೇಗೆ? ಮೊದಲೇ ತಿಳಿಯುವ ದಾರಿ ಇದೆಯೇ?
– ಓದುಗರೊಬ್ಬರು, ನಿಟ್ಟೂರು, ಗುಬ್ಬಿ ತಾಲ್ಲೂಕು

ಉತ್ತರ: ನಿಮಗೆ ಹೇಳಿದವರ ಮಾತು ಸುಳ್ಳಲ್ಲ. ಆದರೆ ಅದು ನಿಮ್ಮ ಮಗಳ ಮಟ್ಟಿಗೆ ಬರುವ ಅಪಾಯವಲ್ಲ.

ಮೊದಲು ಒಂದು ತಪ್ಪು ತಿಳಿವಳಿಕೆ ತೆಗೆದುಹಾಕೋಣ. ಬೆನ್ನಿಗೆ ಕಟ್ಟುವ ಸಿಲಿಂಡರನ್ನು ಎಲ್ಲರೂ ‘ಆಕ್ಸಿಜನ್ ಸಿಲಿಂಡರ್’ ಎನ್ನುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಇರುವುದು ನಾವು ನೀವು ಉಸಿರಾಡುವ ಗಾಳಿಯೇ, ಕಂಪ್ರೆಸರಿನಿಂದ ಒತ್ತಿ ತುಂಬಿದ್ದು. ಆಮ್ಲಜನಕ ಶೇ. 21 ಮಾತ್ರ.

ಅದನ್ನು ವಿಷ ಮಾಡುವುದು ಒತ್ತಡ. ತೋಟದ ಬಾವಿಗೆ ಧುಮುಕಿ ತಳ ಮುಟ್ಟಲು ಹೋದಾಗ ಕಿವಿ ಹಿಡಿದಂತಾಗಿ ನೋಯುತ್ತದಲ್ಲ, ಅದೇ ಒತ್ತಡ. 10 ಮೀಟರ್, ಅಂದರೆ ಸುಮಾರು ಆರಾಳು ನೀರು ಇಳಿದಾಗ ಅದು ನೆಲದ ಮೇಲಿನದರ ಎರಡರಷ್ಟಾಗುತ್ತದೆ. 40 ಮೀಟರಿನಲ್ಲಿ ಐದರಷ್ಟು. ಆಮ್ಲಜನಕದ ಪಾಲನ್ನು ಇದರಿಂದ ಗುಣಿಸಿ ನೋಡಿ: ನೆಲದ ಮೇಲೆ 0.21, ಹತ್ತರಲ್ಲಿ 0.42, ನಲವತ್ತರಲ್ಲಿ 1.05. ಡೈವರುಗಳು ಕಣ್ಣಿಡುವುದು ಈ ಅಂಕಿಯ ಮೇಲೆಯೇ. 1.4 ದಾಟಬಾರದು, 1.6 ಕಟ್ಟಕಡೆಯ ಗಡಿ. ಬರೀ ಗಾಳಿ ಉಸಿರಾಡುವವರು 1.4 ಮುಟ್ಟಬೇಕಾದರೆ 56 ಮೀಟರಿಗೂ ಕೆಳಗಿಳಿಯಬೇಕು. ತರಬೇತಿಯಿಲ್ಲದ ಹೊಸಬರಿಗೆ ಇರುವ ಮಿತಿ 12 ಮೀಟರ್.

ಲೆಕ್ಕ ಬಿಗಿಯಾಗುವುದು ನೈಟ್ರಾಕ್ಸ್ ಬಳಸುವ ಪಳಗಿದವರಿಗೆ. ಕೆಳಗೆ ಹೆಚ್ಚು ಹೊತ್ತು ಇರಲು ಅನುಕೂಲವೆಂದು ಅದರಲ್ಲಿ ಆಮ್ಲಜನಕವನ್ನು ಶೇ. 32ಕ್ಕೋ 36ಕ್ಕೋ ಏರಿಸಿರುತ್ತಾರೆ. ಶೇ. 32 ಇದ್ದರೆ 33 ಮೀಟರ್ ದಾಟುತ್ತಲೇ 1.4 ಬಂದುಬಿಡುತ್ತದೆ. ಹಾಗಾಗಿ ನೀರಿಗಿಳಿಯುವ ಮೊದಲೇ ಅನಲೈಸರಿನಿಂದ ಸಿಲಿಂಡರಿನ ಅನಿಲವನ್ನು ತಾವೇ ಅಳೆದು, ಶೇಕಡಾವಾರನ್ನೂ ಇಳಿಯಬಹುದಾದ ಗರಿಷ್ಠ ಆಳವನ್ನೂ ಟೇಪಿನ ಮೇಲೆ ಬರೆದು ಸಿಲಿಂಡರಿಗೆ ಅಂಟಿಸುತ್ತಾರೆ. ಮಣಿಕಟ್ಟಿನ ಡೈವ್ ಕಂಪ್ಯೂಟರಿಗೂ ಅದೇ ಅಂಕಿ ತುಂಬಬೇಕು. ಅದು ಮೈಯನ್ನು ಪರೀಕ್ಷಿಸುವ ಯಂತ್ರವಲ್ಲ, ಆಳವನ್ನೂ ಸಮಯವನ್ನೂ ಗುಣಿಸುವ ಗುಮಾಸ್ತ. ತಪ್ಪು ತುಂಬಿದರೆ ತಪ್ಪನ್ನೇ ಹೇಳುತ್ತದೆ. ಸಮಯಕ್ಕೂ ಮಿತಿ ಉಂಟು: 1.4ರಲ್ಲಿ ಒಂದು ಸಲಕ್ಕೆ 150 ನಿಮಿಷ, 1.6ರಲ್ಲಿ 45 ನಿಮಿಷ.

ತುಟಿ ಅದುರುವುದು, ಕಿವಿ ಗುಂಯ್‌ಗುಡುವುದು, ಓಕರಿಕೆ, ನೋಟ ಕಿರಿದಾಗುವುದು ಆಮ್ಲಜನಕ ವಿಷವಾಗುತ್ತಿರುವುದರ ಮುನ್ಸೂಚನೆಗಳು. ಇವು ಒಂದೂ ಕಾಣದೆ ನೇರ ಸೆಳವೇ ಬರಬಹುದು. ಆಗ ಬಾಯಿಯ ನಳಿಕೆ ಜಾರಿ ಮುಳುಗುವುದೇ ದೊಡ್ಡ ಅಪಾಯ. ಅದಕ್ಕೇ ಸೂಚನೆಗೆ ಕಾಯದೆ ಅಂಕಿಯನ್ನು ನಂಬುವುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದನ್ನು ತಮ್ಮ ಮೈಮೇಲೆಯೇ ಪ್ರಯೋಗಿಸಿಕೊಂಡವರಲ್ಲಿ ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಒಬ್ಬರು. ಮುಂದೆ ನಮ್ಮ ದೇಶಕ್ಕೇ ಬಂದು ನೆಲೆಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ನೇತ್ರಾಣಿಯಲ್ಲಿ ನಿಮ್ಮ ಮಗಳಿಗೆ ತೊಂದರೆ ಕೊಡುವುದಿದ್ದರೆ ಅದು ಹೆಚ್ಚಾಗಿ ಬಾವಿಯ ಆ ಕಿವಿನೋವೇ. ನೆಗಡಿಯಾಗಿದ್ದರೆ ಅವತ್ತು ನೀರಿಗಿಳಿಯುವುದು ಬೇಡ ಎಂದು ಹೇಳಿ.