ಪುಟ ಹೋಗುವ ದಾರಿಗೆ ಬೀಗ

ಪ್ರಕಾಶಕರಿಗೂ ಮುದ್ರಣಾಲಯಗಳಿಗೂ ಫೈಲ್ ಸರ್ವರ್ ಕಟ್ಟಿಕೊಡುವುದು ಬೆಂಗಳೂರಿನಲ್ಲಿ ನನ್ನ ಕಸುಬು. ವಿನ್ಯಾಸಕಾರರು ಮನೆಯಲ್ಲೇ ಕೂತು ಪುಟ ಕಟ್ಟುತ್ತಾರೆ. ರಾತ್ರಿಯೊಳಗೆ ಪಿಡಿಎಫ್ ಪ್ರೆಸ್ಸಿಗೆ ತಲುಪಬೇಕು, ಬೆಳಗ್ಗೆ ಅಚ್ಚಿನ ಪ್ಲೇಟ್ ಆಗಬೇಕು. ನಡುವೆ ಕೂತಿರುವ ಸರ್ವರ್ ಯಾರ ನೆನಪಿಗೂ ಬರಬಾರದು. ಅದು ಹಾಗೆ ಮರೆತುಹೋಗುವಂತೆ ನಡೆಯಬೇಕಾದರೆ ಕಟ್ಟುವವರು ಮುಂಚೆಯೇ ಸಾಕಷ್ಟು ತಲೆ ಕೆಡಿಸಿಕೊಂಡಿರಬೇಕು. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಹೇಳುವ ಮಾತುಗಳಿವು.

1. ಎಫ್‌ಟಿಪಿಯನ್ನು ಹೊರಗಿನ ಜಾಲಕ್ಕೆ ತೆರೆಯಬೇಡಿ

ಜಾಲದಲ್ಲಿ ಫೈಲ್ ಸಾಗಿಸುವ ಹಳೆಯ ವಿಧಾನ ಎಫ್‌ಟಿಪಿ. ಅದರ ಮೊದಲ ಕರಡು ಬರೆದವರು ಅಭಯ್ ಭೂಷಣ್, ಕಾನ್ಪುರ ಐಐಟಿಯ ಮೊದಲ ತಂಡದಲ್ಲಿ ಓದಿದವರು. 1971ರ ಏಪ್ರಿಲ್‌ನಲ್ಲಿ, ಎಂಐಟಿಯಲ್ಲಿದ್ದಾಗ ಬರೆದದ್ದು. ಆಗ ಜಾಲದಲ್ಲಿದ್ದದ್ದು ಕೆಲವೇ ವಿಶ್ವವಿದ್ಯಾಲಯಗಳು, ಸಂಶೋಧನಾ ಸಂಸ್ಥೆಗಳು. ಹೆಸರು, ಪಾಸ್‌ವರ್ಡ್, ಫೈಲ್ ಎಲ್ಲವೂ ಬಯಲಿನಲ್ಲೇ ಹೋಗುತ್ತಿದ್ದವು, ಅದರಿಂದ ಯಾರಿಗೂ ತೊಂದರೆ ಇರಲಿಲ್ಲ. ಇವತ್ತಿಗೂ ಬರಿಯ ಎಫ್‌ಟಿಪಿ ಹಾಗೆಯೇ ಕೆಲಸ ಮಾಡುತ್ತದೆ. ಕಾಫಿ ಅಂಗಡಿಯ ವೈಫೈನಲ್ಲಿ ಕೂತು ಪುಟ ಕಳಿಸಿದವರ ಪಾಸ್‌ವರ್ಡನ್ನು ಅದೇ ವೈಫೈನಲ್ಲಿರುವ ಇನ್ನೊಬ್ಬರು ಓದಬಹುದು. ಕ್ರೋಮ್, ಫೈರ್‌ಫಾಕ್ಸ್ ಎರಡೂ 2021ರಲ್ಲಿ ಎಫ್‌ಟಿಪಿಯನ್ನು ಕೈಬಿಟ್ಟವು.

ಅದರ ಬದಲು ಎಸ್‌ಎಫ್‌ಟಿಪಿ ಬಳಸಿ. ಹೆಸರು ಹತ್ತಿರವಿದ್ದರೂ ಇದು ಎಫ್‌ಟಿಪಿಯ ಸುಧಾರಿತ ರೂಪವಲ್ಲ, ಎಸ್‌ಎಸ್‌ಎಚ್ ಎಂಬ ಗೂಢಲಿಪಿ ಸಂಪರ್ಕದ ಒಳಗೆ ಓಡುವ ಬೇರೆಯದೇ ವ್ಯವಸ್ಥೆ. ಎಸ್‌ಎಸ್‌ಎಚ್ ಹುಟ್ಟಿದ್ದೂ ಕದ್ದ ಪಾಸ್‌ವರ್ಡ್‌ಗಳಿಂದಲೇ. ತನ್ನ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಕದ್ದು ಕೇಳುತ್ತಿದ್ದಾರೆಂದು ಗೊತ್ತಾದಾಗ ಫಿನ್ಲೆಂಡಿನ ಟಾಟು ಯಿಲೋನೆನ್ 1995ರಲ್ಲಿ ಇದನ್ನು ಬರೆದರು. ಎಫ್‌ಟಿಪಿಎಸ್ ಅನ್ನುವುದು ಇನ್ನೊಂದು. ಅದು ಹಳೆಯ ಎಫ್‌ಟಿಪಿಗೇ ಟಿಎಲ್‌ಎಸ್ ಹೊದಿಸಿದ್ದು. ಅದೂ ಸುರಕ್ಷಿತವೇ, ಆದರೆ ಡೇಟಾ ಸಂಪರ್ಕಕ್ಕೆ ಪೋರ್ಟ್‌ಗಳ ದೊಡ್ಡ ಸಾಲನ್ನೇ ಫೈರ್‌ವಾಲ್‌ನಲ್ಲಿ ತೆರೆದಿಡಬೇಕು. ಎಸ್‌ಎಫ್‌ಟಿಪಿಗೆ 22 ಒಂದೇ ಸಾಕು.

ಕೆಲವು ಪ್ರೆಸ್‌ಗಳಲ್ಲಿ ಪ್ಲೇಟ್ ಮಾಡುವ ಯಂತ್ರ ಹಳೆಯದು, ಅದಕ್ಕೆ ಎಫ್‌ಟಿಪಿ ಬಿಟ್ಟು ಬೇರೇನೂ ತಿಳಿಯದು. ಅಂಥ ಯಂತ್ರ ಬದಲಿಸಲು ಮಾಲೀಕರ ಬಳಿ ಹಣವಿರುವುದಿಲ್ಲ, ಬದಲಿಸಿ ಎಂದು ಒತ್ತಾಯಿಸುವುದೂ ಸರಿಯಲ್ಲ. ಯಂತ್ರವನ್ನು ಒಳಜಾಲದಲ್ಲೇ ಉಳಿಸಿ. ಹೊರಗಿನಿಂದ ಎಸ್‌ಎಫ್‌ಟಿಪಿಯಲ್ಲಿ ಬಂದದ್ದನ್ನು ಒಂದು ಸಣ್ಣ ಸ್ಕ್ರಿಪ್ಟ್ ಒಳಗಿನ ಎಫ್‌ಟಿಪಿಗೆ ದಾಟಿಸಲಿ.

2. ಫೈಲ್ ಕಳಿಸುವವರಿಗೆ ಫೈಲ್ ಕಳಿಸಲು ಮಾತ್ರ ಬಿಡಿ

ಸಾಮಾನ್ಯ ಲಿನಕ್ಸ್ ಖಾತೆ ಕೊಟ್ಟರೆ ವಿನ್ಯಾಸಕಾರರು ಸರ್ವರಿನ ಒಳಗೆಲ್ಲ ಓಡಾಡಬಹುದು, ಬೇರೆ ಪ್ರಕಾಶಕರ ಕೋಶಗಳಿಗೂ ಇಣುಕಬಹುದು. ಓಪನ್‌ಎಸ್‌ಎಸ್‌ಎಚ್‌ನಲ್ಲಿ ಇದಕ್ಕೆ ಉಪಾಯವಿದೆ. ಅಂಥವರನ್ನೆಲ್ಲ ಒಂದು ಗುಂಪಿಗೆ ಸೇರಿಸಿ, ಆ ಗುಂಪಿಗೆ ಇಂಟರ್ನಲ್-ಎಸ್‌ಎಫ್‌ಟಿಪಿ ಮಾತ್ರ ಓಡುವಂತೆ ಕಡ್ಡಾಯ ಮಾಡಿ, ಅವರ ಕೋಶದಾಚೆಗೆ ಏನೂ ಕಾಣದಂತೆ ಚ್ರೂಟ್ ಎಂಬ ಗೋಡೆ ಹಾಕಿ. ಪೋರ್ಟ್ ಫಾರ್ವರ್ಡಿಂಗ್ ಮುಚ್ಚುವುದನ್ನು ಮರೆಯಬೇಡಿ. ಅದು ತೆರೆದಿದ್ದರೆ ಶೆಲ್ ಇಲ್ಲದ ಖಾತೆಯಿಂದಲೂ ನಿಮ್ಮ ಒಳಜಾಲದ ಯಂತ್ರಗಳಿಗೆ ಸುರಂಗ ತೋಡಬಹುದು.

ಹೊಸಬರು ಮುಗ್ಗರಿಸುವುದು ಚ್ರೂಟ್‌ನಲ್ಲೇ. ಲಾಗಿನ್ ಒಪ್ಪಿಗೆಯಾಗುತ್ತದೆ, ಮರುಕ್ಷಣ ಸಂಪರ್ಕ ಕಡಿಯುತ್ತದೆ. ಕಳಿಸುವವರ ಪರದೆಯಲ್ಲಿ ಕಾಣುವುದು 'ಬ್ರೋಕನ್ ಪೈಪ್' ಮಾತ್ರ. ಸರ್ವರಿನ ಲಾಗ್ ತೆರೆದರೆ ನಿಜವಾದ ಕಾರಣವಿರುತ್ತದೆ: ಚ್ರೂಟ್ ಕೋಶದ ಒಡೆತನ ಅಥವಾ ಅನುಮತಿ ಸರಿಯಿಲ್ಲ. ಗಾಬರಿಯಲ್ಲಿ 777 ಕೊಡುವವರನ್ನು ಕಂಡಿದ್ದೇನೆ. ಅದರಿಂದ ಬಾಗಿಲು ಇನ್ನಷ್ಟು ಬಿಗಿಯಾಗಿ ಮುಚ್ಚುತ್ತದೆ, ಯಾಕೆಂದರೆ ನಿಯಮ ಅದಕ್ಕೆ ತದ್ವಿರುದ್ಧ. ಚ್ರೂಟ್ ಆಗುವ ಕೋಶವೂ ಅದರ ಮೇಲಿರುವ ಪ್ರತಿಯೊಂದು ಕೋಶವೂ ರೂಟ್‌ನ ಒಡೆತನದಲ್ಲಿರಬೇಕು, ಬೇರೆ ಯಾರಿಗೂ ಅಲ್ಲಿ ಬರೆಯುವ ಅಧಿಕಾರ ಇರಬಾರದು. ಬಾಡಿಗೆ ಮನೆಯ ಹಾಗೆ ಎಂದುಕೊಳ್ಳಿ: ಕಾಂಪೌಂಡು ಮಾಲೀಕರದು, ಒಳಗಿನ ಕೋಣೆ ಬಾಡಿಗೆಯವರದು. ಹೊರಕೋಶ ರೂಟ್‌ನದು, 755. ಅದರೊಳಗೆ 'ಬರುವುದು' ಅಂತ ಒಂದು ಕೋಶ ಮಾಡಿ ಅದನ್ನು ಮಾತ್ರ ವಿನ್ಯಾಸಕಾರರ ಹೆಸರಿಗೆ ಬರೆದುಕೊಡಿ. ಈ ನಿಯಮ ಸುಮ್ಮನೆ ಇಟ್ಟದ್ದಲ್ಲ. ಗೋಡೆಯನ್ನೇ ತಿದ್ದುವ ಅಧಿಕಾರ ಒಳಗಿರುವವರ ಕೈಗೆ ಬಂದರೆ, ನಕಲಿ ವ್ಯವಸ್ಥಾ ಕಡತಗಳನ್ನಿಟ್ಟು ಹೊರಬರುವ ದಾರಿ ಹುಡುಕಬಹುದು.

ಸಂರಚನೆ ತಿದ್ದಿದ ಮೇಲೆ ಸೇವೆಯನ್ನು ಮರುಪ್ರಾರಂಭಿಸುವ ಮುನ್ನ 'ಎಸ್‌ಎಸ್‌ಎಚ್‌ಡಿ -ಟಿ' ಓಡಿಸಿ ತಪ್ಪಿದೆಯೇ ನೋಡಿ. ಕೆಲಸ ಖಚಿತವಾಗುವವರೆಗೆ ಇನ್ನೊಂದು ಕಿಟಕಿಯಲ್ಲಿ ನಿಮ್ಮ ಹಳೆಯ ಸಂಪರ್ಕ ತೆರೆದೇ ಇರಲಿ.

3. ಪಾಸ್‌ವರ್ಡ್ ಬೇಡ, ಕೀಲಿ ಬೇಕು

ಹೊಸ ಸರ್ವರ್ ಇಂಟರ್‌ನೆಟ್ಟಿಗೆ ಬಂದು ಸ್ವಲ್ಪ ಹೊತ್ತಿನಲ್ಲೇ ಲಾಗ್ ನೋಡಿ. ಎಲ್ಲೆಲ್ಲಿಂದಲೋ 'ಅಡ್ಮಿನ್', 'ಟೆಸ್ಟ್', 'ರೂಟ್' ಹೆಸರಿನಲ್ಲಿ ಬಾಗಿಲು ತಟ್ಟಲು ಶುರುವಾಗಿರುತ್ತದೆ. ಪೋರ್ಟ್ 22 ಬದಲಿಸಿದರೆ ಈ ಗದ್ದಲ ಕಡಿಮೆಯಾಗುತ್ತದೆ, ಭದ್ರತೆ ಹೆಚ್ಚುವುದಿಲ್ಲ. ಪಾಸ್‌ವರ್ಡ್ ಪ್ರವೇಶವನ್ನೇ ನಿಲ್ಲಿಸಿ ಇಡಿ25519 ಕೀಲಿ ಕೊಟ್ಟರೆ ಊಹೆಯ ಆಟವೇ ಮುಗಿಯಿತು.

ಕಷ್ಟವಿರುವುದು ಜನರಿಗೆ ಕೀಲಿ ವಿವರಿಸುವುದರಲ್ಲಿ. 'ನಿಮ್ಮ ಸಾರ್ವಜನಿಕ ಕೀಲಿ ಕಳಿಸಿ' ಎಂದರೆ ಎಷ್ಟೋ ಜನ ಖಾಸಗಿ ಕೀಲಿಯನ್ನೇ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರೆ. ನಾನು ಹೇಳಿಕೊಡುವ ಗುರುತು ಸರಳ: ಒಂದೇ ಉದ್ದ ಸಾಲಿನಲ್ಲಿದ್ದರೆ, ಫೈಲಿನ ಹೆಸರು 'ಪಬ್' ಎಂದು ಮುಗಿದರೆ, ಅದು ಕಳಿಸಬೇಕಾದದ್ದು. ಹಲವು ಸಾಲುಗಳಿದ್ದು ಮೊದಲ ಸಾಲಿನಲ್ಲೇ 'ಬಿಗಿನ್', 'ಪ್ರೈವೇಟ್ ಕೀ' ಎಂದಿದ್ದರೆ ಅದು ಯಾರಿಗೂ ತೋರಿಸಬಾರದ್ದು. ತಪ್ಪಿ ಬಂದ ಖಾಸಗಿ ಕೀಲಿಯನ್ನು ಆಗಿಂದಾಗಲೇ ರದ್ದು ಮಾಡಿ ಹೊಸದು ಮಾಡಿಸಿ. ಈ ವಿಷಯದಲ್ಲಿ ಮುಲಾಜು ಬೇಡ, ಗದರಿಸುವುದೂ ಬೇಡ.

ಒಬ್ಬರ ಒಂದು ಕಂಪ್ಯೂಟರಿಗೆ ಒಂದು ಕೀಲಿ. ಕಚೇರಿಗೆಲ್ಲ ಸೇರಿ ಒಂದೇ ಕೀಲಿ ಇದ್ದರೆ, ಒಬ್ಬರು ಕೆಲಸ ಬಿಟ್ಟ ದಿನ ಎಲ್ಲರ ಕೀಲಿ ಬದಲಿಸಬೇಕಾಗುತ್ತದೆ, ಹಾಗಾಗಿ ಯಾರೂ ಬದಲಿಸುವುದಿಲ್ಲ. ಕೀಲಿಗಳ ಪಟ್ಟಿ ಬಳಕೆದಾರರ ಕೋಶದಲ್ಲಿರುವುದೂ ಬೇಡ. ಅಲ್ಲಿದ್ದರೆ ಅವರೇ ಎಸ್‌ಎಫ್‌ಟಿಪಿ ಮೂಲಕ ಇನ್ನೊಂದು ಕೀಲಿ ಸೇರಿಸಿಕೊಳ್ಳಬಹುದು. ಪಟ್ಟಿಯನ್ನು ರೂಟ್ ಒಡೆತನದ ಬೇರೆ ಜಾಗದಲ್ಲಿಡಿ.

4. ಅರ್ಧ ಬಂದ ಫೈಲ್ ಪೂರ್ತಿ ಬಂದಂತೆ ಕಾಣಬಾರದು

ಪ್ರೆಸ್‌ಗಳಲ್ಲಿ 'ಹಾಟ್ ಫೋಲ್ಡರ್' ಇರುತ್ತದೆ. ಅದರೊಳಗೆ ಫೈಲ್ ಬಿದ್ದ ತಕ್ಷಣ ತಂತ್ರಾಂಶ ಎತ್ತಿಕೊಂಡು ಪ್ಲೇಟಿಗೆ ಕಳಿಸುತ್ತದೆ. ದೊಡ್ಡ ಪಿಡಿಎಫ್ ನಿಧಾನವಾಗಿ ಏರುತ್ತಿರುವಾಗ ತಂತ್ರಾಂಶ ಅದನ್ನು ಅರ್ಧಕ್ಕೇ ಎತ್ತಿಕೊಂಡರೆ ಪುಟ ಕೆಡುತ್ತದೆ, ಪ್ಲೇಟ್ ದಂಡವಾಗುತ್ತದೆ. ಇದಕ್ಕೆ ಮದ್ದು ಹಳೆಯದು, ಇಂದಿಗೂ ಒಳ್ಳೆಯದು: ತಾತ್ಕಾಲಿಕ ಹೆಸರಿನಲ್ಲಿ ಏರಿಸಿ, ಪೂರ್ತಿಯಾದ ಮೇಲೆ ಹೆಸರು ಬದಲಿಸುವುದು. ವಿನ್‌ಎಸ್‌ಸಿಪಿ ದೊಡ್ಡ ಫೈಲ್‌ಗಳಿಗೆ ತಾನಾಗಿಯೇ 'ಫೈಲ್‌ಪಾರ್ಟ್' ಎಂಬ ಬಾಲ ಸೇರಿಸಿ ಹೀಗೆ ಮಾಡುತ್ತದೆ. ಎತ್ತಿಕೊಳ್ಳುವ ಸ್ಕ್ರಿಪ್ಟ್ ಆ ಬಾಲವಿರುವುದನ್ನು ಮುಟ್ಟಬಾರದು, ಅಷ್ಟೇ. ಹೆಸರು ಬದಲಿಸುವುದು ಒಂದೇ ಏಟಿಗೆ ಆಗುವುದು ಒಂದೇ ಪಾರ್ಟಿಶನ್ನಿನೊಳಗೆ ಮಾತ್ರ. ಬರುವ ಕೋಶ ಒಂದು ಡಿಸ್ಕಿನಲ್ಲಿ, ಸಿದ್ಧ ಫೈಲ್ ಹೋಗುವ ಕೋಶ ಇನ್ನೊಂದರಲ್ಲಿ ಇದ್ದರೆ ಅದು ಒಳಗೊಳಗೆ ನಕಲು ಮಾಡುವ ಕೆಲಸವಾಗಿ, ಅರ್ಧ ಫೈಲಿನ ಸಮಸ್ಯೆ ಹಿಂದಿನ ಬಾಗಿಲಿನಿಂದ ವಾಪಸ್ ಬರುತ್ತದೆ.

ಮುಖ್ಯವಾದ ಪುಸ್ತಕಗಳಿಗೆ ಫೈಲಿನ ಎಸ್‌ಎಚ್‌ಎ256 ಪರಿಶೀಲನಾ ಮೊತ್ತವನ್ನೂ ಜೊತೆಗೆ ಕಳಿಸಲು ಕೇಳುತ್ತೇನೆ. ಎರಡೂ ಕಡೆ ಹೊಂದಿದರೆ ಮಾತ್ರ ಪ್ಲೇಟ್.

5. ಕನ್ನಡದ ಹೆಸರುಗಳಿಗೆ ಜಾಗ ಕೊಡಿ, ಅವುಗಳ ಗುಣವನ್ನೂ ತಿಳಿಯಿರಿ

'ಫೈಲ್ ಹೆಸರು ಇಂಗ್ಲಿಷ್‌ನಲ್ಲೇ ಇರಲಿ' ಎಂದು ಆಜ್ಞೆ ಹೊರಡಿಸುವುದು ಸುಲಭ. ಕನ್ನಡ ಪುಸ್ತಕ ಮಾಡುವವರಿಗೆ ಹಾಗೆ ಹೇಳಲು ನನಗೆ ಮನಸ್ಸಿಲ್ಲ, ಹೇಳಬೇಕಾದ ಅಗತ್ಯವೂ ಇಲ್ಲ. ಮೂರು ಸಂಗತಿ ತಿಳಿದಿದ್ದರೆ ಸಾಕು.

ಮೊದಲನೆಯದು ಉದ್ದ. ಲಿನಕ್ಸ್‌ನ ಇಎಕ್ಸ್‌ಟಿ4 ವ್ಯವಸ್ಥೆಯಲ್ಲಿ ಹೆಸರಿನ ಮಿತಿ 255 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ನಮ್ಮ ಕಣ್ಣಿಗೆ ಒಂದೇ ಅಕ್ಷರವಾದ 'ಸ್ತ್ರೀ' ಒಳಗೆ ಆರು ಸಂಕೇತಗಳು, 18 ಬೈಟ್. ಪುಸ್ತಕದ ಹೆಸರು, ಲೇಖಕರ ಹೆಸರು, 'ಅಂತಿಮ', 'ಅಂತಿಮ ತಿದ್ದುಪಡಿ' ಎಲ್ಲ ಸೇರಿದರೆ ಮಿತಿ ದಾಟುವುದು ಕಷ್ಟವೇನಲ್ಲ.

ಎರಡನೆಯದು ಮ್ಯಾಕ್. ಅದರ ಹಳೆಯ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಅಕ್ಷರಗಳನ್ನು ಬಿಡಿಸಿ ಇಡುತ್ತಿತ್ತು. ದೀರ್ಘದ 'ೀ' ಒಂದು ಸಂಕೇತವಾಗಿರುವ ಬದಲು ಗುಡಿಸು ಮತ್ತು ದೀರ್ಘದ ಚಿಹ್ನೆ ಎಂದು ಎರಡಾಗುತ್ತಿತ್ತು. ಏ, ಐ, ಒ, ಓ ಸ್ವರಚಿಹ್ನೆಗಳೂ ಹಾಗೆಯೇ. ಅದೇ 'ಸ್ತ್ರೀ' ಆಗ 21 ಬೈಟ್. ಲಿನಕ್ಸ್ ಬೈಟ್‌ಗಳನ್ನು ಮಾತ್ರ ನೋಡುತ್ತದೆ, ಹಾಗಾಗಿ ಕಣ್ಣಿಗೆ ಒಂದೇ ಆಗಿರುವ ಎರಡು ಫೈಲ್ ಪಕ್ಕಪಕ್ಕ ಕೂರಬಹುದು. ಯಾವುದು ಹೊಸ ಕರಡು, ಯಾವುದು ಹಳೆಯದು? ರಾತ್ರಿ ಪಾಳಿಯವರಿಗೆ ಹೇಗೆ ತಿಳಿಯಬೇಕು?

ಮೂರನೆಯದು ಕಾಣದ ಸಂಕೇತ. 'ಕವರ್' ಎಂದು ಟೈಪ್ ಮಾಡುವಾಗ ಕೊನೆಯ ಅರ್ಧಾಕ್ಷರದ ನಂತರ ಜೋಡಣೆ ತಡೆಯುವ ಶೂನ್ಯಾಗಲದ ಸಂಕೇತವೊಂದು ಸೇರಿಕೊಂಡಿರಬಹುದು. ತೆರೆಯ ಮೇಲೆ ಏನೂ ವ್ಯತ್ಯಾಸವಿಲ್ಲ, ಸ್ಕ್ರಿಪ್ಟಿಗೆ ಮಾತ್ರ ಫೈಲ್ ಸಿಗುವುದಿಲ್ಲ. ಹೆಸರಿನ ನಡುವೆ ಬಂದರೆ ಅದಕ್ಕೆ ಅರ್ಥವಿದೆ ('ರಾಜ್‌ಕುಮಾರ್' ಬರೆಯಲು ಬೇಕೇ ಬೇಕು), ಆದ್ದರಿಂದ ಕುರುಡಾಗಿ ಎಲ್ಲವನ್ನೂ ಅಳಿಸಬಾರದು. ಕೊನೆಯಲ್ಲಿದ್ದರೆ ಮಾತ್ರ ತೆಗೆದು, ಉಳಿದದ್ದನ್ನು ಕೂಡಿಸಿದ ರೂಪಕ್ಕೆ, ಅಂದರೆ ಎನ್‌ಎಫ್‌ಸಿಗೆ ತರುವ ಒಂದು ಪುಟ್ಟ ಸ್ಕ್ರಿಪ್ಟ್ ಫೈಲ್ ಬಂದ ಕೂಡಲೇ ಓಡಬೇಕು.

6. ಸರ್ವರ್ ದಾಟಿಸುವ ಜಾಗ, ಕೂಡಿಡುವ ಜಾಗವಲ್ಲ

ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳುವುದು ಇದನ್ನೇ. 2023ರ ಮೇ ತಿಂಗಳ ಕೊನೆಯಲ್ಲಿ ಮೂವ್‌ಇಟ್ ಎಂಬ ಫೈಲ್ ವರ್ಗಾವಣೆ ತಂತ್ರಾಂಶದಲ್ಲಿದ್ದ ಎಸ್‌ಕ್ಯೂಎಲ್ ಇಂಜೆಕ್ಷನ್ ದೋಷವನ್ನು ಹಿಡಿದು ಕ್ಲಾಪ್ ಎಂಬ ಗುಂಪು ಜಗತ್ತಿನ ಸಾವಿರಾರು ಸಂಸ್ಥೆಗಳ ಮಾಹಿತಿ ಕದ್ದಿತು. ದಾಳಿ ಶುರುವಾದಾಗ ದೋಷಕ್ಕೆ ತೇಪೆಯೇ ಇರಲಿಲ್ಲ, ಚೆನ್ನಾಗಿ ನಿರ್ವಹಿಸಿದವರೂ ಸಿಕ್ಕಿಬಿದ್ದರು. ಅಂಥ ದಿನ ಕಳ್ಳರ ಕೈಗೆ ಎಷ್ಟು ಸಿಗುತ್ತದೆ ಎನ್ನುವುದು, ತಲುಪಿದ ಮೇಲೂ ಅಳಿಸದೆ ಎಷ್ಟು ಉಳಿಸಿಕೊಂಡಿದ್ದೀರಿ ಎನ್ನುವುದರ ಮೇಲೆ ನಿಂತಿದೆ.

ಪ್ರೆಸ್ಸಿನ ಸರ್ವರಿನಲ್ಲಿ ಕದಿಯಲು ಏನಿದೆ ಎಂದು ಕೇಳುತ್ತಾರೆ. ಶಾಲಾ ಮಕ್ಕಳ ಗುರುತಿನ ಚೀಟಿ ಅಚ್ಚು ಹಾಕುವ ಪ್ರೆಸ್ಸಿಗೆ ಬರುವ ಎಕ್ಸೆಲ್ ಹಾಳೆ ತೆರೆದು ನೋಡಿ: ಮಗುವಿನ ಹೆಸರು, ತರಗತಿ, ಫೋಟೊ, ರಕ್ತದ ಗುಂಪು, ಮನೆ ವಿಳಾಸ, ತಂದೆ ತಾಯಿಯ ಮೊಬೈಲ್ ನಂಬರ್. ಚೀಟಿ ಹಂಚಿ ವರ್ಷ ಕಳೆದರೂ ಆ ಹಾಳೆ ಸರ್ವರಿನ ಮೂಲೆಯಲ್ಲಿ ಇರುವುದು ನನಗೆ ಸಹಿಸಲಾಗದ ಸಂಗತಿ. ನಾನು ಕಟ್ಟುವ ಸರ್ವರ್‌ಗಳಲ್ಲಿ ಪ್ರೆಸ್ ಎತ್ತಿಕೊಂಡ ಫೈಲ್ ಏಳು ದಿನಕ್ಕೆ ತಾನಾಗಿ ಅಳಿಯುತ್ತದೆ. ವೈಯಕ್ತಿಕ ಮಾಹಿತಿ ಇರುವ ಕೋಶಕ್ಕೆ ಒಂದೇ ದಿನ. ಹಳೆಯದು ಬೇಕೆಂದರೆ ಸಂಗ್ರಹ ಬೇರೆ ಕಡೆ, ಇಂಟರ್‌ನೆಟ್ಟಿಗೆ ಮುಖ ಮಾಡದ ಡಿಸ್ಕಿನಲ್ಲಿ ಇರಲಿ. ಮೊದಮೊದಲು ಗ್ರಾಹಕರು ಗೊಣಗುತ್ತಾರೆ. ಎಕ್ಸೆಲ್ ಹಾಳೆ ತೋರಿಸಿದ ಮೇಲೆ ಗೊಣಗುವುದಿಲ್ಲ.

7. ತೇಪೆ ಹಾಕುವುದನ್ನು ಮುಂದೂಡಬೇಡಿ

2011ರ ಜುಲೈನಲ್ಲಿ ವಿಎಸ್‌ಎಫ್‌ಟಿಪಿಡಿ ಎಂಬ ಎಫ್‌ಟಿಪಿ ಸರ್ವರ್ ತಂತ್ರಾಂಶದ 2.3.4 ಆವೃತ್ತಿಯ ಡೌನ್‌ಲೋಡ್ ಕಡತದೊಳಗೇ ಹಿಂಬಾಗಿಲು ಪತ್ತೆಯಾಯಿತು. ಬಳಕೆದಾರರ ಹೆಸರಿನಲ್ಲಿ ನಗುಮುಖದ ಚಿಹ್ನೆ ಹಾಕಿದರೆ 6200ನೇ ಪೋರ್ಟ್ ತೆರೆಯುತ್ತಿತ್ತು. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಗ್ರಂಥಾಲಯದ ಮೂಲಕ ಎಸ್‌ಎಸ್‌ಎಚ್ ಒಳಗೇ ಹಿಂಬಾಗಿಲು ತೂರಿಸುವ ಯತ್ನವನ್ನು ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಹಿಡಿದರು. ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿರುವುದೇಕೆ ಎಂದು ಬೆನ್ನುಹತ್ತಿ ಹೋಗಿ ಹಿಡಿದದ್ದು. ಅದೇ ವರ್ಷ ಜುಲೈನಲ್ಲಿ, 2006ರಲ್ಲಿ ಮುಚ್ಚಿದ್ದ ದೋಷವೊಂದು ಓಪನ್‌ಎಸ್‌ಎಸ್‌ಎಚ್‌ನಲ್ಲಿ ಮರಳಿ ಬಂದಿರುವುದು ಗೊತ್ತಾಯಿತು. ತಂತ್ರಾಂಶವನ್ನು ವಿತರಣೆಯ ಅಧಿಕೃತ ಭಂಡಾರದಿಂದ ಮಾತ್ರ ತನ್ನಿ, ಭದ್ರತಾ ತೇಪೆಗಳು ತಾವಾಗಿ ಬರುವಂತೆ ಇಡಿ.

8. ಲಾಗ್ ಬೇರೆ ಯಂತ್ರದಲ್ಲಿರಲಿ, ಗಡಿಯಾರ ಸರಿಯಿರಲಿ

ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು, ಭದ್ರತಾ ಘಟನೆ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು, ಗಡಿಯಾರವನ್ನು ಎನ್‌ಟಿಪಿಗೆ ಹೊಂದಿಸಿರಬೇಕು. ಒಳನುಗ್ಗಿದವರು ಮೊದಲು ಅಳಿಸುವುದೇ ಲಾಗ್, ಹಾಗಾಗಿ ಪ್ರತಿಯೊಂದು ಸಾಲೂ ಬರೆದ ಗಳಿಗೆಯಲ್ಲೇ ಇನ್ನೊಂದು ಯಂತ್ರಕ್ಕೆ ಹೋಗಲಿ. ಫೈಲ್ ಬರುವ ಕೋಶಕ್ಕೆ ಪ್ರತ್ಯೇಕ ಪಾರ್ಟಿಶನ್ ಕೊಡಿ. ಯಾರೋ ಒಬ್ಬರು ದೊಡ್ಡ ಫೋಟೊಗಳನ್ನು ಸುರಿದು ಡಿಸ್ಕ್ ತುಂಬಿಸಿದಾಗ ಲಾಗ್ ನಿಲ್ಲಬಾರದು.

9. ಸರ್ವರ್ ಬದಲಿಸಿದರೂ ಅದರ ಗುರುತು ಬದಲಿಸಬೇಡಿ

ಪ್ರತಿ ಎಸ್‌ಎಸ್‌ಎಚ್ ಸರ್ವರಿಗೂ ತನ್ನದೇ ಹೋಸ್ಟ್ ಕೀಲಿ ಇದೆ. ಕಳಿಸುವವರ ಕಂಪ್ಯೂಟರ್ ಅದನ್ನು ಮೊದಲ ಸಲ ನೋಡಿದಾಗ ನೆನಪಿಟ್ಟುಕೊಳ್ಳುತ್ತದೆ, ಮುಂದೆ ಬೇರೆ ಕೀಲಿ ಕಂಡರೆ ಎಚ್ಚರಿಕೆ ಕೊಟ್ಟು ನಿಲ್ಲುತ್ತದೆ. ಹೊಸ ಯಂತ್ರಕ್ಕೆ ಹೋಗುವಾಗ ಹಳೆಯ ಹೋಸ್ಟ್ ಕೀಲಿಗಳನ್ನು ಒಯ್ಯದಿದ್ದರೆ ಆ ರಾತ್ರಿ ಎಲ್ಲರ ಸ್ಕ್ರಿಪ್ಟ್‌ಗಳೂ ನಿಲ್ಲುತ್ತವೆ. ಆಗ ಸಿಟ್ಟಿನಲ್ಲಿ ಹಲವರು ಕೀಲಿ ಪರೀಕ್ಷೆಯನ್ನೇ ಶಾಶ್ವತವಾಗಿ ಆಫ್ ಮಾಡಿಬಿಡುತ್ತಾರೆ. ಆಮೇಲೆ ನಡುವೆ ಯಾರು ಕೂತು ಸರ್ವರಿನಂತೆ ನಟಿಸಿದರೂ ತಿಳಿಯುವುದಿಲ್ಲ. ಹೋಸ್ಟ್ ಕೀಲಿಗಳನ್ನು ಬ್ಯಾಕಪ್‌ನಲ್ಲಿ ಗೂಢಲಿಪಿ ಮಾಡಿ ಇಡಿ. ಬದಲಿಸಲೇಬೇಕಾಗಿ ಬಂದರೆ ಹಿಂದಿನ ದಿನವೇ ಪ್ರೆಸ್ಸಿಗೆ ಫೋನ್ ಮಾಡಿ, ಹೊಸ ಕೀಲಿಯ ಬೆರಳಚ್ಚಿನ (ಫಿಂಗರ್‌ಪ್ರಿಂಟ್) ಸಾಲನ್ನು ಅಕ್ಷರ ಅಕ್ಷರ ಓದಿ ಬರೆಸಿ, ರಾತ್ರಿ ಪಾಳಿಯವರ ಮೇಜಿನ ಮೇಲೆ ಅಂಟಿಸಲು ಹೇಳಿ.