ತೊಟ್ಟಿಲಿರುವ ಮನೆಗೆ ನಾಯಿಮರಿ ಬೇಕೇ?



ಒಂದು ಕುಟುಂಬವನ್ನು ಕಣ್ಣ ಮುಂದೆ ತಂದುಕೊಳ್ಳಿ. ಎರಡನೆಯ ಮಗು ಹುಟ್ಟಿ ಎರಡು ತಿಂಗಳಾಗಿದೆ. ಕಳೆದ ಭಾನುವಾರವಷ್ಟೇ ದೀಕ್ಷಾಸ್ನಾನ ಮುಗಿದಿದೆ. ತಾಯಿಗೆ ರಾತ್ರಿ ನಿದ್ದೆಯಿಲ್ಲ. ತಂದೆ ಬೆಳಿಗ್ಗೆ ಕೆಲಸಕ್ಕೆ ಹೊರಟರೆ ಮರಳುವುದು ಕತ್ತಲಾದ ಮೇಲೆ. ಬಾಣಂತನಕ್ಕೆ ಬಂದ ಅಜ್ಜಿ ಊರಿಗೆ ಹೊರಡುವ ದಿನ ಹತ್ತಿರವಾಗಿದೆ. ಇಂಥ ಹೊತ್ತಿನಲ್ಲಿ ಆರು ವರ್ಷದ ಹಿರಿಯ ಮಗ ಹಟ ಹಿಡಿದಿದ್ದಾನೆ: "ನನಗೊಂದು ನಾಯಿಮರಿ ಬೇಕು!" ಪಕ್ಕದ ಬೀದಿಯ ಮನೆಯಲ್ಲಿ ಮರಿಗಳಿವೆ, ಕೇಳಿದರೆ ಸುಮ್ಮನೆ ಕೊಡುತ್ತಾರೆ. ತಂದೆತಾಯಿ ಏನು ಹೇಳಬೇಕು?

ಹಟ ತೀರಲಿ ಎಂದು ಮರಿಯನ್ನು ತಂದುಬಿಡುವುದು ಸುಲಭ. "ಸುಮ್ಮನಿರು" ಎಂದು ಗದರಿಸುವುದು ಇನ್ನೂ ಸುಲಭ. ಆದರೆ ವಿಶ್ವಾಸಿಗಳಾದ ನಾವು ಸ್ವಲ್ಪ ನಿಂತು ಯೋಚಿಸೋಣ.

ನಮಗೆ ಒಪ್ಪಿಸಿದ ಜೀವ

ಪ್ರಾಣಿಪ್ರೀತಿ ನಮ್ಮ ವಿಶ್ವಾಸಕ್ಕೆ ಹೊರತಾದುದಲ್ಲ. ತೊಬೀತನ ಗ್ರಂಥದಲ್ಲಿ, ಯುವಕ ತೊಬಿಯಾಸನು ದೇವದೂತ ರಫಾಯೇಲನೊಡನೆ ದೂರದ ಪ್ರಯಾಣಕ್ಕೆ ಹೊರಟಾಗ ಅವರ ಜೊತೆ ನಾಯಿಯೂ ಹೋಯಿತು. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು, ಪ್ರಾಣಿಗಳು ದೇವರ ಸೃಷ್ಟಿ, ಅವುಗಳಿಗೆ ನಾವು ದಯೆ ತೋರಲೇಬೇಕು ಎಂದು ಬೋಧಿಸುತ್ತದೆ. ಮನುಷ್ಯರಿಗೆ ಮಾತ್ರ ಸಲ್ಲಬೇಕಾದ ಪ್ರೀತಿಯನ್ನು ಪ್ರಾಣಿಗಳಿಗೆ ಕೊಡಬಾರದೆಂದೂ ಎಚ್ಚರಿಸುತ್ತದೆ. ಈ ಎರಡೂ ಮಾತುಗಳನ್ನು ಒಟ್ಟಿಗೆ ಹಿಡಿದರೆ ದಾರಿ ಕಾಣುತ್ತದೆ.

ನಾಯಿಮರಿ ಆಟಿಕೆಯಲ್ಲ. ಅದು ಹತ್ತು ಹನ್ನೆರಡು ವರ್ಷ ನಮ್ಮೊಡನೆ ಬಾಳುವ ಜೀವ. ಆಸೆಯಿಂದ ತಂದು, ಬೇಸರವಾದಾಗ ಬೀದಿಗೆ ಬಿಡುವುದು ದೇವರ ಮುಂದೆ ತಪ್ಪು. ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಶಿಶುವಿನ ಸುರಕ್ಷತೆ

ಎಳೆಯ ಮರಿಯೂ ಎಳೆಯ ಮಗುವಿನಂತೆಯೇ. ಹೊತ್ತುಹೊತ್ತಿಗೆ ಊಟ ಬೇಕು, ರಾತ್ರಿ ಅಳುತ್ತದೆ, ಕಂಡಲ್ಲಿ ಗಲೀಜು ಮಾಡುತ್ತದೆ, ಹಲ್ಲು ಬರುವಾಗ ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ. ಅದರ ಹೊಟ್ಟೆಯ ಹುಳುಗಳು ಮಕ್ಕಳಿಗೂ ಹರಡಬಲ್ಲವು. ಆದ್ದರಿಂದ ಹುಳುವಿನ ಔಷಧಿ ತಪ್ಪಬಾರದು. ಹುಚ್ಚುನಾಯಿ ರೋಗದ ಲಸಿಕೆಯನ್ನು ಸಾಮಾನ್ಯವಾಗಿ ಮೂರು ತಿಂಗಳಾದ ಮೇಲೆ ಹಾಕಿಸುತ್ತಾರೆ. ಅಲ್ಲಿಯವರೆಗೆ ಮರಿಗೆ ಆ ರಕ್ಷಣೆಯಿರುವುದಿಲ್ಲ.

ನಾಯಿ ಕಚ್ಚಿದರೆ ಅಥವಾ ಪರಚಿದರೆ, ಮರಿಯೇ ಆಗಿದ್ದರೂ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಖಾರದಪುಡಿ, ಸುಣ್ಣ ಯಾವುದನ್ನೂ ಹಚ್ಚಬಾರದು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಇಲ್ಲವೆನ್ನುವಷ್ಟು ಅಪರೂಪ.

ಹಾಗಾದರೆ ಮೊದಲೇ ನಾಯಿಯಿರುವ ಮನೆಗೆ ಮಗು ಬಂದರೆ? ಹಳೆಯ ಸಂಗಾತಿಯನ್ನು ಹೊರದಬ್ಬಬೇಕಾಗಿಲ್ಲ. ಲಸಿಕೆ ಹಾಕಿಸಿ, ತೊಟ್ಟಿಲಿರುವ ಕೋಣೆಯಿಂದ ದೂರವಿರಲು ಕಲಿಸಿ, ನಿಧಾನವಾಗಿ ಪರಿಚಯಿಸಿ. ಆದರೆ ಎಷ್ಟೇ ಸಾಧುವಾದ ನಾಯಿಯಾದರೂ ಮಗುವಿನ ಜೊತೆ ಅದೊಂದನ್ನೇ ಒಂದು ಕ್ಷಣವೂ ಬಿಡಬೇಡಿ.

ಹಿರಿಯ ಮಗನ ಮನಸ್ಸು

ಈಗ ಆ ಹುಡುಗನ ಹಟಕ್ಕೆ ಮರಳೋಣ. ಅವನು ನಿಜವಾಗಿ ಕೇಳುತ್ತಿರುವುದು ಏನು? ನಿನ್ನೆಯವರೆಗೆ ಅಮ್ಮನ ಮಡಿಲು ಅವನದಾಗಿತ್ತು. ಇಂದು ಬಂದವರೆಲ್ಲ ತೊಟ್ಟಿಲ ಬಳಿಗೇ ಹೋಗುತ್ತಾರೆ. "ನನ್ನದು" ಎನ್ನಲು ಅವನಿಗೊಂದು ಜೀವ ಬೇಕಾಗಿದೆ. ಆ ಕೊರತೆಯನ್ನು ನಾಯಿಮರಿ ತುಂಬಲಾರದು. ತಂದೆ ದಿನಕ್ಕೆ ಅರ್ಧ ಗಂಟೆ ಅವನೊಬ್ಬನಿಗೇ ಮೀಸಲಿಡಲಿ. ತಾಯಿ ಮಗುವಿನ ಬಟ್ಟೆ ಮಡಿಸುವಾಗ ಅವನನ್ನೂ ಕೂರಿಸಿಕೊಳ್ಳಲಿ. ಬಾಲ್ಕನಿಯಲ್ಲಿ ಹಕ್ಕಿಗಳಿಗೆ ನೀರಿಡುವ ಕೆಲಸ ಅವನದಾಗಲಿ. ಪ್ರತಿದಿನ ತಪ್ಪದೆ ಆ ಬಟ್ಟಲು ತೊಳೆದು ನೀರು ತುಂಬಿಸುವ ಮಗು, ಮುಂದೆ ನಾಯಿಯನ್ನು ನೋಡಿಕೊಳ್ಳಲು ಈಗಲೇ ಕಲಿಯುತ್ತಿದೆ.

ನಿರ್ಧಾರಕ್ಕೆ ಮುನ್ನ

ದಂಪತಿಗಳು ಒಟ್ಟಿಗೆ ಕುಳಿತು ಈ ಪ್ರಶ್ನೆಗಳಿಗೆ ಪ್ರಾಮಾಣಿಕವಾಗಿ ಉತ್ತರಿಸಿಕೊಳ್ಳಿ:

1. ಮರಿಯ ಗಲೀಜು ತೆಗೆಯುವವರು, ಊಟ ಹಾಕುವವರು ಯಾರು? ಉತ್ತರ "ಅಮ್ಮ" ಎಂದೇ ಆದರೆ, ಅಮ್ಮನನ್ನು ಕೇಳಿದ್ದೇವೆಯೇ?
2. ಲಸಿಕೆ, ಔಷಧಿ, ಆಹಾರದ ಖರ್ಚಿಗೆ ತಿಂಗಳ ಆದಾಯದಲ್ಲಿ ಅವಕಾಶವಿದೆಯೇ?
3. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯಿದೆಯೇ?
4. ಊರಿಗೆ ಹೋದಾಗ ನೋಡಿಕೊಳ್ಳುವವರು ಯಾರು?

ಒಂದಕ್ಕಾದರೂ ಉತ್ತರ ಸಿಗದಿದ್ದರೆ ಕಾಯುವುದೇ ಲೇಸು. ಆದರೆ ಮಗನಿಗೆ ಸುಳ್ಳು ಭರವಸೆ ಕೊಡಬೇಡಿ. "ತಂಗಿ ಓಡಾಡುವಂತಾಗಲಿ, ಆಗ ಎಲ್ಲರೂ ಕೂತು ಮತ್ತೆ ಮಾತಾಡೋಣ" ಎಂದು ಹೇಳಿ, ಹೇಳಿದಂತೆ ನಡೆದುಕೊಳ್ಳಿ. ಮಾತು ಉಳಿಸಿಕೊಳ್ಳುವ ತಂದೆತಾಯಿಯನ್ನು ಕಂಡ ಮಗುವಿಗೆ, ದೇವರ ಮಾತನ್ನು ನಂಬುವುದು ಕಷ್ಟವಾಗದು.

ಇಂದು ಸಂಜೆಯ ಕುಟುಂಬ ಪ್ರಾರ್ಥನೆಯಲ್ಲಿ ಹಿರಿಯ ಮಗುವಿನ ಹೆಸರನ್ನು ಮೊದಲು ಹೇಳಿ ಪ್ರಾರ್ಥಿಸಿ. ಅವನಿಗೆ ಕೇಳಿಸುವಂತೆ ಹೇಳಿ.