ಶಲ್ಯ, ಆಲೋಚನೆ ಮತ್ತು ಮನೋರೋಗ

ವ್ರತಿಯಾದವನು ಶಲ್ಯರಹಿತನಾಗಿರಬೇಕೆಂಬ ಉಮಾಸ್ವಾಮಿ ಆಚಾರ್ಯರ ಮಾತು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಬರುವುದನ್ನು ವಾಚಕರು ಬಲ್ಲರು. ಶಲ್ಯವೆಂದರೆ ಒಳಗೆ ಮುರಿದುಳಿದ ಮುಳ್ಳು. ಮಾಯೆ, ಮಿಥ್ಯಾತ್ವ, ನಿದಾನಗಳೆಂದು ಅದು ಮೂರು ತೆರ. ಈ ಮುಳ್ಳನ್ನು ಕೀಳುವ ಸಾಧನವೇ ಒಂಬತ್ತು ವಿಧ ಪ್ರಾಯಶ್ಚಿತ್ತಗಳಲ್ಲಿ ಮೊದಲನೆಯದಾದ ಆಲೋಚನೆ. ಇಲ್ಲಿ ಆಲೋಚನೆಯೆಂದರೆ ವಿಚಾರ ಮಾಡುವುದಲ್ಲ, ಗುರುವಿನ ಮುಂದೆ ತನ್ನ ದೋಷವನ್ನು ಮುಚ್ಚದೆ ನಿವೇದಿಸುವುದು.

ಶಿವಾರ್ಯರು ಭಗವತೀ ಆರಾಧನೆಯಲ್ಲಿ ಆಲೋಚನೆಯ ಹತ್ತು ದೋಷಗಳನ್ನು ವಿವರಿಸಿದ್ದಾರೆ. ಮೊದಲು ಸೇವೆಗೈದು ಗುರುವಿನ ಮನ ಕರಗಿಸಿಕೊಳ್ಳುವುದು, ಪರರು ಕಂಡ ತಪ್ಪನ್ನಷ್ಟೇ ಹೇಳುವುದು, ದೊಡ್ಡದನ್ನು ಬಚ್ಚಿಟ್ಟು ಸಣ್ಣದನ್ನು ಒಪ್ಪುವುದು, ಗದ್ದಲದಲ್ಲಿ ಕೇಳಿಸದಂತೆ ಹೇಳಿಬಿಡುವುದು ಮುಂತಾದವು. (ಮೂವತ್ತೈದು ವರ್ಷ ಶಾಲೆಯಲ್ಲಿ ಕಳೆದ ನನಗೆ ಇವೆಲ್ಲವೂ ಹುಡುಗರ ಬಾಯಲ್ಲಿ ಕೇಳಿದ ಉಪಾಯಗಳೇ.)

ಇಂದಿನ ಮನೋವೈದ್ಯರೂ ರೋಗಿಯನ್ನು ಎದುರು ಕೂಡಿಸಿಕೊಂಡು ಅವನು ಮುಚ್ಚಿಟ್ಟುದನ್ನು ತಾಳ್ಮೆಯಿಂದ ಕೇಳುತ್ತಾರೆ. ಸಾಮ್ಯವಿರುವುದು ಇಷ್ಟರಲ್ಲಿಯೇ. ಗುರುವಿನ ಮುಂದಿರುವುದು ದೋಷ, ವೈದ್ಯರ ಮುಂದಿರುವುದು ರೋಗ. ರೋಗವು ಪಾಪಕೃತ್ಯವಲ್ಲವಾದ್ದರಿಂದ ಉಪವಾಸವು ಅದಕ್ಕೆ ಪ್ರಾಯಶ್ಚಿತ್ತವಾಗಲಾರದು.

ಕೆಲವು ವರ್ಷಗಳ ಹಿಂದೆ ನಮ್ಮ ಕೌಜಲಗಿಯ ಒಬ್ಬ ತರುಣನು ದಶಲಕ್ಷಣ ಪರ್ವದಲ್ಲಿ ಉಪವಾಸ ಹಿಡಿದನು. ಉನ್ಮಾದ, ಖಿನ್ನತೆಗಳು ಸರದಿಯಂತೆ ಬರುವ ರೋಗಕ್ಕೆ ಅವನು ಲಿಥಿಯಂ ಗುಳಿಗೆ ನುಂಗುತ್ತಿದ್ದನು. ವ್ರತ ಕೊಟ್ಟ ಮುನಿಮಹಾರಾಜರಿಗೆ ಈ ಸಂಗತಿ ತಿಳಿದಿರಲಿಲ್ಲ. ಚತುರ್ವಿಧಾಹಾರತ್ಯಾಗದಲ್ಲಿ ನೀರೂ ಇಲ್ಲವಷ್ಟೇ! ದೇಹದಲ್ಲಿ ನೀರು ಕಡಿಮೆಯಾದರೆ ಈ ಔಷಧವು ರಕ್ತದಲ್ಲಿ ಏರಿ ವಿಷವಾಗುತ್ತದೆ. ಉಪ್ಪು ಬಿಡುವ ರಸಪರಿತ್ಯಾಗದಿಂದಲೂ ಇದೇ ಅಪಾಯ. ಎರಡನೆಯ ದಿನ ಕೈ ನಡುಗಿ, ಮಾತು ತೊದಲಿ, ಅವನನ್ನು ಆಸ್ಪತ್ರೆಗೆ ಒಯ್ಯಬೇಕಾಯಿತು. ಏಕೆ ಹೇಳಲಿಲ್ಲವೆಂದು ನಾನು ಕೇಳಲು ತಾಯಿಯು, “ಮಂದಿ ಏನಂದಾರ್ರಿ, ಮಾಸ್ತರ?” ಎಂದರು. ಮಾಯಾಶಲ್ಯವು ಇದ್ದುದು ಅಲ್ಲಿ.

ಧರ್ಮಸ್ಥಳದ ಆಶ್ರಯದಿಂದ ಮನಸ್ಸಿಗೆ ಹಿತವಿಲ್ಲವೆಂದು ನಾನು ಹೇಳುತ್ತಿಲ್ಲ. ತಮಿಳುನಾಡಿನ ಮುತ್ತುಸ್ವಾಮಿ ದೇವಾಲಯದಲ್ಲಿ ತಂಗಿದ್ದ 31 ಮನೋರೋಗಿಗಳನ್ನು ಬೆಂಗಳೂರಿನ ನಿಮ್ಹಾನ್ಸ್‌ನ ರಘುರಾಮ್ ಮತ್ತವರ ಸಂಗಡಿಗರು ಪರೀಕ್ಷಿಸಿ, ರೋಗಲಕ್ಷಣಗಳು ತಗ್ಗಿದುದನ್ನು 2002ರಲ್ಲಿ ಪ್ರಕಟಿಸಿದರು. ಅಲ್ಲಿ ಬಂಧನವಿರಲಿಲ್ಲ, ಆದರದ ಆಶ್ರಯವೂ ಚಿಕ್ಕಪುಟ್ಟ ಕೆಲಸಗಳೂ ಇದ್ದವು. ಅದೇ ನಾಡಿನ ಏರವಾಡಿಯಲ್ಲಿಯಾದರೋ 2001ರ ಆಗಸ್ಟ್ 6ರಂದು, ಸರಪಳಿ ಬಿಗಿದಿದ್ದ ರೋಗಿಗಳ ನಿವಾಸಕ್ಕೆ ಬೆಂಕಿ ತಗುಲಿ 28 ಜೀವಗಳು ಹೋದವು.

ಆದುದರಿಂದ ಮನೋರೋಗಕ್ಕೆ ಔಷಧ ಸೇವಿಸುವವರು ವ್ರತ ಬೇಡುವ ಮುನ್ನ ಮುನಿಗಳಿಗೆ ರೋಗವನ್ನೂ ವೈದ್ಯರಿಗೆ ವ್ರತವನ್ನೂ ತಿಳಿಸತಕ್ಕದ್ದು. ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಬಾರದು. ಬೇಸತ್ತು ಅನ್ನವನ್ನು ದೂಡುವವನನ್ನು ಉಪವಾಸಿಯೆಂದು ಹೊಗಳದೆ, ಧಾರವಾಡದ ಡಿಮ್ಹಾನ್ಸ್‌ಗೆ ಕರೆದೊಯ್ಯಬೇಕು. ತಪಸ್ಸಿಗೆ ಬೇರೆ ದಾರಿಗಳುಂಟು: ಸ್ವಾಧ್ಯಾಯ, ವಿನಯ, ವೈಯಾವೃತ್ತ್ಯಗಳು ಅಂತರಂಗ ತಪಗಳೇ.

ಮರುವರ್ಷದ ಪರ್ವದಲ್ಲಿ ಆ ತರುಣನು ಬಸದಿಯಲ್ಲಿ ಸಾಮಾಯಿಕ ಮುಗಿಸಿ, ಮನೆಗೆ ಬಂದು ಉಂಡು ಗುಳಿಗೆ ತೆಗೆದುಕೊಂಡನು. ನೀರಿನ ತಂಬಿಗೆ ಹಿಡಿದು ನಿಂತಿದ್ದವರು ಅವನ ತಾಯಿ.